ವಿಳಾಸವಿಲ್ಲದ ನಿವಾಸಿ

"ಕೇಳ್ರಪ್ಪೋ ಕೇಳಿ! ಕೋಟೆಯ ಗಣಕಯಂತ್ರದಲ್ಲಿ ಬ್ರಹ್ಮರಾಕ್ಷಸ ಸೇರಿಕೊಂಡಿದ್ದಾನೆ. ಅವನ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ನಿಂತಲ್ಲೇ ಕಲ್ಲಾಗುತ್ತಾರೆ!" ಎಂದು ಕಣಿವೆಪಟ್ಟಣದ ದೊರೆ ಡಂಗುರ ಹೊಡೆಸಿದ.

ಆ ರಾಕ್ಷಸ ಬದುಕಿದ್ದಾಗ, ಗಣಕಯಂತ್ರಕ್ಕೆ ಆಜ್ಞೆ ಬರೆಯುವ ಸಿ ಭಾಷೆಯ ಮಹಾಪಂಡಿತ. ಕಲಿತದ್ದನ್ನು ಯಾರಿಗೂ ಹೇಳಿಕೊಡದೆ ಸತ್ತ. ಅದಕ್ಕೇ ಈ ಗತಿ.

ಬುಟ್ಟಿ ಹೆಣೆಯುವ ಕೆಂಚನಿಗೆ ರಾಜ್ಯದ ಆಸೆಯಿರಲಿಲ್ಲ. ಅವನ ಅಣ್ಣ ಹಾಲಪ್ಪ ಎರಡು ಒಗಟು ಗೆದ್ದು, ಮೂರನೆಯದರಲ್ಲಿ ಸೋತು, ಯಂತ್ರದ ಎದುರೇ ಕಲ್ಲಾಗಿ ನಿಂತಿದ್ದ. ಬಿದಿರು ಸೀಳುತ್ತಾ ಕೆಂಚನಿಗೆ ಸಿ ಭಾಷೆ ಕಲಿಸಿದವನೇ ಅವನು. ಅಣ್ಣನನ್ನು ಬಿಡಿಸಲೆಂದೇ ಕೆಂಚ ಕೋಟೆಯ ಅಂಗಳಕ್ಕೆ ಬಂದ.

ಅವನ ಜೊತೆ ಸೆಟ್ಟರ ಮಗ, ಮಂತ್ರಿಯ ಮಗ ಇಬ್ಬರೂ ಬಂದು ನಿಂತಿದ್ದರು. ಯಂತ್ರದೊಳಗಿಂದ ದನಿ ಬಂತು: "ಒಂದೇ ಹೆಸರಿನ ಮನೆ. ಮೊದಲ ನಿವಾಸಿಗೆ ಒಂದು ಬೈಟ್ ಜಾಗ ಸಾಕು, ಎರಡನೆಯವನಿಗೆ ನಾಲ್ಕು ಬೇಕು. ಆದರೂ ಮನೆಯ ಅಳತೆ ಎಂಟು. ಮಿಕ್ಕ ಮೂರರಲ್ಲಿ ಯಾರಿದ್ದಾರೆ?"

"ಕಳ್ಳ!" ಎಂದ ಸೆಟ್ಟರ ಮಗ. ತೆರೆದ ಬಾಯಿ ಮುಚ್ಚುವ ಮೊದಲೇ ಕಲ್ಲಾದ.

"ಯಾರೂ ಇಲ್ಲ ಸ್ವಾಮಿ," ಎಂದ ಕೆಂಚ. "ಅದು ಸ್ಟ್ರಕ್ಚರ್, ಒಂದೇ ಹೆಸರಿನಡಿ ಎಲ್ಲರಿಗೂ ತಂತಮ್ಮ ಜಾಗ. ನಾಲ್ಕು ಬೈಟಿನೋನು ನಾಲ್ಕರ ಗಡಿಗೇ ಸರಿಯಾಗಿ ಕೂರಬೇಕು. ಅವನಿಗೋಸ್ಕರ ನಡುವೆ ಖಾಲಿ ಬಿಟ್ಟವ್ರೆ."

"ಸರಿ," ಎಂದಿತು ಯಂತ್ರ. "ಇನ್ನೊಂದು ಮನೆ, ಒಂದೇ ಕೋಣೆ. ಅಕ್ಷರ, ಪೂರ್ಣಾಂಕ, ದಶಾಂಶ ಮೂವರಿಗೂ ಅದೇ ಕೋಣೆ. ಅದರ ಅಳತೆ ಎಷ್ಟು? ಒಳಗಿರುವವರು ಯಾರು?"

"ಮೂವರ ಅಳತೆ ಕೂಡಿಸಿದಷ್ಟು. ಮೂವರೂ ಇದ್ದಾರೆ," ಎಂದು ಮಂತ್ರಿಯ ಮಗ ಎದೆಯುಬ್ಬಿಸಿದ. ಉಬ್ಬಿದ ಎದೆ ಹಾಗೇ ಕಲ್ಲಾಯಿತು.

"ಅದು ಯೂನಿಯನ್ ಸ್ವಾಮಿ," ಎಂದ ಕೆಂಚ. " ಮೂವರಲ್ಲಿ ದೊಡ್ಡೋನು ಹಿಡಿಸಿದ್ರೆ ಸಾಕು. ಕೊನೇಲಿ ಬಂದೋನೇ ಇರ್ತಾನೆ. ಮೊದಲಿದ್ದೋನ್ನ ಕೇಳಿದ್ರೆ ಸಿಗೋದು ಬರೀ ಕಸ."

ಈಗ ಉಳಿದವನು ಕೆಂಚ ಒಬ್ಬನೇ.

"ಕರೆದರೆ ಓಗೊಡುತ್ತಾನೆ, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತಾನೆ. ವಿಳಾಸ ಮಾತ್ರ ಇಲ್ಲ. ಯಾರವನು?"

ಅಣ್ಣ ಸೋತದ್ದು ಇಲ್ಲೇ. ಆಗ ಕೆಂಚನಿಗೆ ಕಲಿಯುವ ದಿನಗಳ ತನ್ನದೊಂದು ಪೆದ್ದುತನ ನೆನಪಾಯಿತು. ಬಿಟ್ ಫೀಲ್ಡ್‌ನ ವಿಳಾಸ ಕೇಳಿ, ಬರೆದದ್ದನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್‌ನಿಂದ ಬೈಸಿಕೊಂಡಿದ್ದ. ನಾಚಿಕೆಯಾಗಿ ಅಣ್ಣನಿಗೂ ಹೇಳಿರಲಿಲ್ಲ. ಅಣ್ಣನೋ, ಅಂಥ ತಪ್ಪು ಮಾಡುವವನೇ ಅಲ್ಲ, ಹಾಗಾಗಿ ಇದು ಅವನಿಗೆ ತಿಳಿಯಲೂ ಇಲ್ಲ. ಹೇಳಿದ್ದರೆ ಅವನು ಕಲ್ಲಾಗುತ್ತಿರಲಿಲ್ಲ.

"ಬಿಟ್ ಫೀಲ್ಡ್," ಎಂದ, ಕಣ್ಣೊರೆಸಿಕೊಂಡು. "ಬೈಟಿಗೆ ವಿಳಾಸ ಐತೆ. ಅದರೊಳಗಿನ ಎಂಟು ಬಿಟ್‌ನಲ್ಲಿ ಒಂದೆರಡು ಪಾಲು ತಗೊಂಡು ಇರೋನಿಗೆ ಬೇರೆ ವಿಳಾಸ ಎಲ್ಲಿಂದ ಬರಬೇಕು?"

"ಮೂರೂ ಸರಿ," ಎಂದಿತು ಯಂತ್ರ. "ಇದನ್ನೆಲ್ಲ ನಿನಗೆ ಕಲಿಸಿದವರು ಯಾರು?"

"ನಿಮ್ಮೆದುರು ಕಲ್ಲಾಗಿ ನಿಂತವ್ನಲ್ಲ, ಅವನೇ."

"ಒಂದು ವರ ಕೇಳು. ಒಂದೇ."

ಅಣ್ಣನ ಹೆಸರು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಸೆಟ್ಟರ ಮಗನ ತೆರೆದ ಬಾಯಿ ಕಂಡಿತು. ಅವನನ್ನೂ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ. ಒಬ್ಬನಿಗೇ ಜಾಗವಿರುವ ವರ ಕೇಳಲು ಕೆಂಚನಿಗೆ ಮನಸ್ಸಾಗಲಿಲ್ಲ.

"ಒಂದೇ ಕೇಳ್ತೀನಿ. ಒಂದು ಸ್ಟ್ರಕ್ಚರ್ ಕೊಡಿ, ಅದರ ಹೆಸರು ಬಿಡುಗಡೆ. ಒಳಗೆ ನಮ್ಮಣ್ಣ, ಇಲ್ಲಿ ಕಲ್ಲಾದೋರೆಲ್ಲ, ಕಡೇಲಿ ನೀವು."

"ನಾನೂನಾ?" ಎಂದಿತು ದನಿ. ಯಂತ್ರದ ದೀಪ ಆರಿತು. ಅಂಗಳದ ತುಂಬ ಕಲ್ಲಾಗಿದ್ದವರ ಉಸಿರಾಟ ಕೇಳಿಸಿತು.

ಅರ್ಧ ರಾಜ್ಯ ನಿನ್ನದೇ ಎಂದು ದೊರೆ ಸಾರುತ್ತಿದ್ದ. ಹಾಲಪ್ಪ ಮಾತ್ರ ಕಣ್ಣುಜ್ಜಿಕೊಳ್ಳುತ್ತಾ, "ಮೂರನೇದು ಏನೋ ಅದು, ತಮ್ಮಾ?" ಎಂದ.

ಕೆಂಚ ಅಣ್ಣನ ಪಕ್ಕ ಕೂತು, ತನ್ನ ಪೆದ್ದುತನದಿಂದಲೇ ಶುರುಮಾಡಿ ಎಲ್ಲವನ್ನೂ ಹೇಳಿದ.