ಉಪ್ಪಿನ ಹರಳು ಎಣಿಸಿದ ಉಗ್ರಾಣಿ

ಹುಲಿಗೋಟೆಯ ಅರಮನೆಯ ಉಗ್ರಾಣದಲ್ಲಿ ಕೇಸರಿಯ ಭರಣಿಯೊಂದು ಕಳುವಾಯಿತು. ಅರಸ ಮಲ್ಲರಸ ಸಿಂಹಾಸನದಿಂದ ಎದ್ದು ಗುಡುಗಿದ.

"ನಾಳೆಯಿಂದ ಉಗ್ರಾಣದ ಪ್ರತಿಯೊಂದು ವಸ್ತುವನ್ನೂ ದಿನವೂ ಎಣಿಸಬೇಕು! ಉಪ್ಪಾಗಲಿ ಮುತ್ತಾಗಲಿ, ನನ್ನ ಆಳ್ವಿಕೆಯಲ್ಲಿ ಎಲ್ಲವೂ ಸಮಾನ. ಎಣಿಸದೆ ಏನನ್ನೂ ಹೊರಗೆ ಬಿಡಕೂಡದು. ತಪ್ಪಿದರೆ ಉಗ್ರಾಣಿಗೆ ಗಡೀಪಾರು!"

ಉಗ್ರಾಣಿ ಪುಟ್ಟತಮ್ಮಯ್ಯ ಕಂಗಾಲಾದ. ಮೂವತ್ತು ವರ್ಷ ಉಗ್ರಾಣ ಕಾದವನು, ಈ ವಯಸ್ಸಿನಲ್ಲಿ ಯಾವ ಊರಿಗೆ ಹೋಗಬೇಕು? ಆಸ್ಥಾನದ ಜಾಣ ಕೋನಪ್ಪನ ಮನೆಗೆ ಓಡಿದ.

"ಕೋನಪ್ಪನವರೇ, ಸಾಸಿವೆಯೇ ಹತ್ತು ಮೂಟೆ ಇದೆ! ಏನು ಮಾಡಲಿ?"

"ಅರಸರು ಹೇಳಿದ್ದನ್ನೇ ಮಾಡಿ ಪುಟ್ಟತಮ್ಮಯ್ಯನವರೇ, ಒಂದಕ್ಷರವೂ ತಪ್ಪದಂತೆ," ಎಂದು ಕೋನಪ್ಪ ನಕ್ಕ. "ಉಪ್ಪಿನಿಂದ ಶುರುವಾಗಲಿ. ಕಾವಲಿನವರನ್ನೂ ಕೂರಿಸಿಕೊಳ್ಳಿ. ನಾನೂ ಬರುತ್ತೇನೆ."

ಮರುದಿನ ಮಧ್ಯಾಹ್ನ ಅರಸ ಊಟಕ್ಕೆ ಕೂತ. ಎಲೆ ಖಾಲಿ. ಬಡಿಸುವವರ ಸುಳಿವಿಲ್ಲ.

"ಅಡುಗೆ ಆಗಿದೆ ಪ್ರಭು, ಉಪ್ಪೊಂದು ಬಂದಿಲ್ಲ," ಎಂದ ಬಾಣಸಿಗ. "ಇನ್ನೂ ಎಣಿಸುತ್ತಿದ್ದಾರಂತೆ."

ಹಸಿವಿನ ಜೊತೆಗೆ ಸಿಟ್ಟೂ ನೆತ್ತಿಗೇರಿತು. ಅರಸ ಉಗ್ರಾಣಕ್ಕೇ ನುಗ್ಗಿದ. ಅಲ್ಲಿ ಹನ್ನೆರಡು ಮಂದಿ ಕಾವಲುಗಾರರು ಉಪ್ಪಿನ ರಾಶಿಯ ಸುತ್ತ ತಲೆ ತಗ್ಗಿಸಿ ಕೂತಿದ್ದರು.

"ಎಂಟು ಸಾವಿರದ ನಾನೂರ ಹನ್ನೆರಡು..." ಎನ್ನುತ್ತಿದ್ದ ಪುಟ್ಟತಮ್ಮಯ್ಯ ಅರಸನನ್ನು ಕಂಡು ಬೆಚ್ಚಿದ. "ಅಯ್ಯೋ, ಲೆಕ್ಕ ತಪ್ಪಿತು! ಮತ್ತೆ ಮೊದಲಿಂದ!"

"ಉಪ್ಪಿನ ಹರಳನ್ನು ಯಾವ ಹುಚ್ಚ ಎಣಿಸುತ್ತಾನೆ?" ಅರಸ ಕೂಗಿದ.

ಕೋನಪ್ಪ ಕೈಮುಗಿದ. "ಎಲ್ಲವೂ ಸಮಾನವೆಂದು ತಮ್ಮ ಅಪ್ಪಣೆಯಾಗಿದೆಯಲ್ಲ, ಪ್ರಭು." ಹಾಗೆನ್ನುತ್ತಲೇ ಸೊಂಟದಿಂದ ಬೆಳ್ಳಿಯ ಕರಡಿಗೆಯೊಂದನ್ನು ಹೊರತೆಗೆದ. "ಅಂದಹಾಗೆ, ಇದು ತಮ್ಮ ಕಸ್ತೂರಿ. ಬೆಳಿಗ್ಗೆ ಇವರ ಕಣ್ಣೆದುರಿಗೇ ಎತ್ತಿಕೊಂಡೆ. ಒಬ್ಬರೂ ಉಪ್ಪಿನಿಂದ ತಲೆ ಎತ್ತಲಿಲ್ಲ."

ಅರಸ ಬೆಲ್ಲದ ಮೂಟೆಯ ಮೇಲೆ ಕುಸಿದು ಕೂತ. "ಹಾಗಾದರೆ ಏನು ಮಾಡೋಣವಪ್ಪಾ?"

"ಮೂರು ಕೋಣೆ ಮಾಡಿಸಿ. ಮೊದಲನೆಯದಕ್ಕೆ ಕಸ್ತೂರಿ, ಕೇಸರಿ, ಮುತ್ತು; ಇರುವುದು ಹಿಡಿಯಷ್ಟು, ಬೆಲೆ ಬೆಟ್ಟದಷ್ಟು. ಅವನ್ನು ದಿನವೂ ಎಣಿಸಲಿ, ಕಾವಲೂ ಅಲ್ಲೇ ಇರಲಿ. ತುಪ್ಪ, ಬೆಲ್ಲ, ಬಟ್ಟೆಗೆ ತಿಂಗಳಿಗೊಮ್ಮೆ ಸಾಕು. ಉಪ್ಪು, ಸೌದೆಯನ್ನು ಎಣಿಸುವುದೇ ಬೇಡ. ರಾಶಿ ತಗ್ಗಿದ್ದು ಕಂಡಾಗ ಇನ್ನೊಂದು ಗಾಡಿ ತರಿಸಿದರಾಯಿತು."

"ಹಾಗೇ ಮಾಡು ಪುಟ್ಟತಮ್ಮಯ್ಯ. ಮೊದಲು ಅಡುಗೆಮನೆಗೆ ಉಪ್ಪು ಕಳಿಸು!"

ಪುಟ್ಟತಮ್ಮಯ್ಯನಿಗೆ ಹೋದ ಜೀವ ಬಂದಂತಾಯಿತು. ಬೊಗಸೆಯಲ್ಲೇ ಉಪ್ಪು ಬಾಚಿಕೊಂಡು ಬಾಗಿಲಿಗೆ ಓಡಿದ. ಹಿಂದೆ ಅರಸನ ದನಿ ಕೇಳಿ ಅಲ್ಲೇ ನಿಂತ.

"ಕೋನಪ್ಪ, ನನ್ನನ್ನು ಯಾವ ಕೋಣೆಯಲ್ಲಿ ಇಡುತ್ತೀಯ?"

"ಮೊದಲನೆಯದರಲ್ಲೇ, ಪ್ರಭು."

ಅರಸ ಮೀಸೆ ತಿರುವಿದ. "ಅಷ್ಟೊಂದು ಬೆಲೆಯೇ ನನಗೆ?"

"ಬೆಲೆಯ ಮಾತು ಹಾಗಿರಲಿ, ಪ್ರಭು. ತಮ್ಮ ಮೇಲೆ ಒಂದು ದಿನ ಕಣ್ಣು ತಪ್ಪಿದರೂ ಎಂಥ ಅಪ್ಪಣೆ ಹೊರಬೀಳುತ್ತದೋ ಹೇಳಲಾಗದು!"

ಅರಸ ಬಿದ್ದು ಬಿದ್ದು ನಕ್ಕ. ಆ ದಿನ ಕೋನಪ್ಪನಿಗೂ ಉಗ್ರಾಣಿಗೂ ತನ್ನ ಪಕ್ಕದಲ್ಲೇ ಎಲೆ ಹಾಕಿಸಿದ.