ತೆರಿಗೆ ಕಚೇರಿಯ ಕೆಂಪು ಬಕೆಟ್ಟುಗಳು

ಅಗ್ನಿಶಾಮಕ ದಳದಿಂದ ನಿವೃತ್ತನಾದ ಗೂಳಪ್ಪ ಆರೋಗ್ಯ ವಿಮೆಯ ಕಂತು ಕಟ್ಟಿದ ರಸೀದಿ ಹಿಡಿದು ತೆರಿಗೆ ಕಚೇರಿಗೆ ಬಂದ. ಆ ಕಂತಿಗೆ ವಿನಾಯಿತಿ ಸಿಗದಿದ್ದರೆ ಅರ್ಧ ತಿಂಗಳ ಪಿಂಚಣಿ ತೆರಿಗೆಗೇ ಹೋಗುತ್ತಿತ್ತು.

ಸಾಹೇಬರು ರಸೀದಿ ನೋಡಲಿಲ್ಲ. ಗೂಳಪ್ಪನ ಮೈಕಟ್ಟು ನೋಡಿದರು.

"ಈ ವರ್ಷ ಎಷ್ಟು ಸಲ ಆಸ್ಪತ್ರೆ ಸೇರಿದ್ದೆ?"

"ಒಂದು ಸಲಾನೂ ಇಲ್ಲ ಸ್ವಾಮಿ."

"ಕಾಯಿಲೆಯೇ ಇಲ್ಲದವನಿಗೆ ವಿಮೆ ಯಾಕಯ್ಯಾ? ಇದು ದುಂದುವೆಚ್ಚ. ದುಂದುವೆಚ್ಚಕ್ಕೆ ಸರ್ಕಾರ ವಿನಾಯಿತಿ ಕೊಡೋದಿಲ್ಲ."

ಗೂಳಪ್ಪ ವಾದಕ್ಕಿಳಿಯಲಿಲ್ಲ. ಬೆಂಕಿ ಆರಿಸಲೆಂದು ಮರಳು ತುಂಬಿ ಗೋಡೆಗೆ ತೂಗುಹಾಕಿದ್ದ ಮೂರು ಕೆಂಪು ಬಕೆಟ್ಟುಗಳ ಕಡೆ ನೋಡಿದ.

"ಇಲ್ಲಿ ಈ ವರ್ಷ ಎಷ್ಟು ಸಲ ಬೆಂಕಿ ಬಿತ್ತು ಸ್ವಾಮಿ?"

"ಅಪಶಕುನ ನುಡಿಯಬೇಡ! ಒಂದು ಸಲವೂ ಇಲ್ಲ."

"ಹಾಗಾದರೆ ಇವೂ ದುಂದುವೆಚ್ಚವೇ" ಎಂದು ಗೂಳಪ್ಪ ಮೂರನ್ನೂ ಇಳಿಸಿ ಸಾಹೇಬರ ಮೇಜಿನ ಮೇಲೆ, ಅವರ ಮೂಗಿನ ನೇರಕ್ಕೆ ಇಟ್ಟ.

ಮರಳು ಎಂದೋ ಮುಳುಗಿಹೋಗಿತ್ತು. ಮೇಲಿದ್ದದ್ದು ಇಡೀ ಕಚೇರಿ ವರ್ಷಗಟ್ಟಲೆ ಉಗಿದ ಎಲೆಅಡಿಕೆ.

ಸಾಹೇಬರು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ವಿನಾಯಿತಿಗೆ ಸಹಿ ಹಾಕಿದರು. "ಮೊದಲು ಇವನ್ನ ತೆಗೀರಿ ಮಹರಾಯರೇ!"

ಗೂಳಪ್ಪ ರಸೀದಿ ಮಡಿಚಿ ಜೇಬಿಗಿಟ್ಟು ಬಕೆಟ್ಟುಗಳನ್ನು ಗೋಡೆಗೆ ಸೇರಿಸಿದ.

"ಬೆಂಕಿ ಬಿದ್ದರೆ ನಮ್ಮ ದಳಕ್ಕೆ ಫೋನ್ ಮಾಡಬೇಡಿ ಸ್ವಾಮಿ. ಎಲ್ಲರೂ ಸೇರಿ ಉಗೀರಿ. ಹೇಗೂ ಅಭ್ಯಾಸವಿದೆ."