ನೇರ ಕೂರಿಸಿದ ಸ್ಟಿಯರಿಂಗ್

೨೦೧೪, ಫೆಬ್ರುವರಿ ೧೧, ಮಂಗಳವಾರ. ಆಕಾಶದಲ್ಲಿ ಮೋಡವಿರಲಿಲ್ಲ. ಬೆಳಗಿನಿಂದ ಒಣಗಾಳಿ ಬೀಸುತ್ತಿತ್ತು.

“ವಾಲು ಎಷ್ಟೆಂದು ಬಲ್ಲವನ ಕೈಯಲ್ಲಿ ತಕ್ಕಡಿ ವಾಲಿದ್ದರೇನು, ಗುರುಗಳೆ?” ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಔಷಧಶಾಲೆಯಲ್ಲಿ ಮದ್ದು ತೂಗಿಕೊಡುವ ಶಿಷ್ಯ. ಬೇರುಗಳನ್ನು ಕೊಳ್ಳಲು ಮೂರು ದಿನ ಪೇಟೆಗೆ ಹೋಗಿದ್ದವನು ಮಧ್ಯಾಹ್ನದ ಬಸ್ಸಿಗೆ ಮರಳಿದ್ದ. ಸಣ್ಣ ತಕ್ಕಡಿಯನ್ನೂ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಗುರುಗಳು ಹೇಳಿದ್ದರು. ಅವನು ಒಯ್ದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಆ ತಕ್ಕಡಿಗೆ ಹೊಸ ದಂಡ ಹಾಕಿಸಿದ್ದ. ಅದರ ಒಂದು ತೋಳು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಉದ್ದವಾಗಿತ್ತು.

“ತಟ್ಟೆಯ ಅಡಿಗೆ ಮೇಣ ಮೆತ್ತಿದ್ದೇನೆ. ಖಾಲಿ ಇದ್ದಾಗ ಮುಳ್ಳು ನೇರ ನಿಲ್ಲುತ್ತದೆ. ಮದ್ದು ತೂಗಿದರೆ ಒಂದು ಚಿಟಿಕೆ ಹೆಚ್ಚು ಬರುತ್ತದೆ, ಅಷ್ಟೆ. ಅದನ್ನು ತೆಗೆದುಬಿಡುತ್ತೇನೆ. ನನ್ನ ಬೆರಳಿಗೆ ಅದು ಗೊತ್ತು.”

ಹೋಗುವ ಮುನ್ನ ಅವನು ತಕ್ಕಡಿಯ ಮುಂದೆ ಪಂಚಯ್ಯನೆಂಬ ಹಿರಿಯ ಶಿಷ್ಯನನ್ನು ಕೂರಿಸಿದ್ದ. ನೇಕಾರರ ತಿರಕವ್ವನಿಗೆ ಕೀಲುನೋವಿನ ಮದ್ದು ತೂಗಿಕೊಡಬೇಕೆಂದು ಹೇಳಿದ್ದ. ಅದರಲ್ಲಿ ವತ್ಸನಾಭಿ ಸೇರುತ್ತದೆ. ಎಷ್ಟು ಶುದ್ಧಿ ಮಾಡಿದರೂ ಅಳತೆ ಮೀರಿದರೆ ಕೊಲ್ಲುವ ಬೇರು ಅದು.

ಗುರುಗಳು ಜಗಲಿಯ ಮೇಲೆ ಕೂತಿದ್ದರು. ಅವರ ಪಾದಗಳಿಗೆ ಹಸಿಮಣ್ಣು ಮೆತ್ತಿತ್ತು. ಕಾಲು ತೊಳೆಯದೆ ಜಗಲಿ ಏರುವವರಲ್ಲ ಅವರು. ಹಿತ್ತಲಲ್ಲಿ ಏನೋ ಕೆಲಸವಿದ್ದಿರಬೇಕು ಎಂದು ಅಡವಯ್ಯ ಅಂದುಕೊಂಡ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಇದ್ದ. ಸುಣ್ಣದ ಕಲ್ಲು ಮಾರುವವನು. ಅವನಿಗೆ ಒಂದು ಟ್ರಕ್ಕಿತ್ತು. ತಾನೇ ಓಡಿಸುತ್ತಿದ್ದ. ಗಣಿಯ ದಾರಿ ಹಳ್ಳದೊಳಗೆ ಹಾಯ್ದುಹೋಗುತ್ತಿತ್ತು. ಅಲ್ಲಿ ಬಂಡೆಗಳು ಟ್ರಕ್ಕಿನ ಹೊಟ್ಟೆಗೆ ತಾಗುತ್ತಿದ್ದವು. ಅವನು ಒಬ್ಬ ಮೆಕ್ಯಾನಿಕ್ಕನಲ್ಲಿಗೆ ಹೋಗಿ ಗಾಡಿಯನ್ನು ನಾಲ್ಕು ಬೆರಳು ಎತ್ತರಿಸಿ ಕೊಡು ಎಂದ. ಮೆಕ್ಯಾನಿಕ್ಕು ಎರಡು ದಿನ ದುಡಿದು ಸಸ್ಪೆನ್ಷನ್ ಎತ್ತರಿಸಿದ.

“ಇದನ್ನು ಪೇಟೆಗೆ ಒಯ್ದು ವೀಲ್ ಅಲೈನ್‌ಮೆಂಟ್ ಮಾಡಿಸು. ಅಲ್ಲಿಯ ತನಕ ಕಲ್ಲು ಹೇರಬೇಡ,” ಎಂದ ಮೆಕ್ಯಾನಿಕ್ಕು. “ಮೈ ಎತ್ತಿದರೆ ಮುಂದಿನ ಚಕ್ರಗಳ ಮುಖ ತಿರುಗುತ್ತದೆ.”

ವ್ಯಾಪಾರಿ ಬಗ್ಗಿ ನೋಡಿದ. “ನೆಟ್ಟಗೇ ಇವೆಯಲ್ಲ.”

“ಕಣ್ಣಿಗೆ ಕಾಣುವಷ್ಟಿದ್ದರೆ ನಾನೇ ಸರಿ ಮಾಡುತ್ತಿದ್ದೆ.”

“ಕಾಣದ್ದಕ್ಕೆ ಒಂದು ದಿನ ಕೆಡಿಸಿಕೊಳ್ಳಲೆ?” ಎಂದ ವ್ಯಾಪಾರಿ, ಮರುದಿನವೇ ಕಲ್ಲು ಹೇರಿದ.

ಗಾಡಿ ಎಡಕ್ಕೆ ಎಳೆಯುತ್ತಿತ್ತು. ನೇರ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ಓರೆಯಾಗಿ ಹಿಡಿಯಬೇಕಾಗಿತ್ತು. ಗಣಿಯ ಕೆಲಸಗಾರರು ನಕ್ಕರು. “ಏನಣ್ಣ, ಗಾಡಿ ನೇರ ಹೋಗುತ್ತಿದೆ, ನೀನೊಬ್ಬನೇ ಬಲಕ್ಕೆ ಹೊರಟಿದ್ದೀಯ. ಆ ಕಡೆಯೂ ಒಂದು ಮನೆ ಮಾಡಿದ್ದೀಯೇನು?”

ವ್ಯಾಪಾರಿಗೆ ಆ ಮಾತು ನಾಟಿತು. ಮನೆಗೆ ಬಂದವನೇ ಸ್ಟಿಯರಿಂಗಿನ ನಡುವಿನ ನಟ್ಟು ಬಿಚ್ಚಿದ. ಅದನ್ನು ಕಳಚಿ, ತಿರುಗಿಸಿ, ನೇರ ಕಾಣುವಂತೆ ಕೂರಿಸಿದ. ಚಕ್ರಗಳು ಇದ್ದಂತೆಯೇ ಇದ್ದವು. ನಗು ನಿಂತಿತು.

ಎಡಕ್ಕೆ ಎಳೆಯುವುದನ್ನು ಅವನ ಕೈ ಕಲಿತುಕೊಂಡಿತು. ಬಲಗೈಯನ್ನು ಸದಾ ಬಿಗಿಹಿಡಿದು ಓಡಿಸುತ್ತಿದ್ದ. ರಟ್ಟೆ ನೋಯುತ್ತಿತ್ತು. ವಯಸ್ಸಾಯಿತು ಎಂದುಕೊಂಡ. ಪ್ರತಿ ಅಮಾವಾಸ್ಯೆ ಟ್ರಕ್ಕಿಗೆ ಪೂಜೆ ಮಾಡುತ್ತಿದ್ದ. ಟೈರುಗಳ ಹೊರಮೈಯನ್ನು ತೊಳೆದು, ಒರೆಸಿ, ವಿಭೂತಿಯ ಮೂರು ಗೆರೆ ಎಳೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ವಿಭೂತಿ ಹಚ್ಚುವುದು ಜನರಿಗೆ ಕಾಣುವ ಕಡೆಗೆ. ಒಳಗಡೆಯನ್ನು ಅವನು ಎಂದೂ ನೋಡಲಿಲ್ಲ.

ಹೀಗೆ ಹತ್ತು ತಿಂಗಳು ನಡೆಯಿತು. ಹತ್ತು ತಿಂಗಳಲ್ಲಿ ಅವನಿಗೆ ಒಂದು ಗೀರೂ ಆಗಲಿಲ್ಲ.

ಆಮೇಲೆ ಒಂದು ದಿನ ಅವನಿಗೆ ಜ್ವರ ಬಂತು. ಕಲ್ಲು ಹೇರಿ ನಿಲ್ಲಿಸಿಯಾಗಿತ್ತು. ತಮ್ಮನನ್ನು ಕರೆದ. ತಮ್ಮ ಇಪ್ಪತ್ತು ವರ್ಷ ಲಾರಿ ಓಡಿಸಿದವನು, ಅಣ್ಣನಿಗಿಂತ ಪಳಗಿದವನು. ಅವನು ಹತ್ತಿ ಕೂತ, ಸ್ಟಿಯರಿಂಗ್ ನೋಡಿದ. ಅದು ನೇರವಾಗಿತ್ತು.

“ಗಾಡಿಗೆ ಏನಾದರೂ ಚಾಳಿ ಇದೆಯೇನಣ್ಣ?”

“ಏನೂ ಇಲ್ಲ. ಹೂವಿನ ಹಾಗೆ ಹೋಗುತ್ತದೆ.”

ಅವನು ಸುಳ್ಳು ಹೇಳಲಿಲ್ಲ. ಗಾಡಿಯ ವಾಲು ಅವನ ಕೈಗೆ ಗೊತ್ತಿತ್ತು, ನಾಲಿಗೆಗೆ ಮರೆತುಹೋಗಿತ್ತು.

ಇಲ್ಲಿಗೆ ಬಂದಾಗ ಅಡವಯ್ಯ ಔಷಧಶಾಲೆಯ ಕಡೆ ತಿರುಗಿ ನೋಡಿದ. ರೋಗಿಗಳು ಬರುವ ಹೊತ್ತು. ಬಾಗಿಲು ಮುಚ್ಚಿತ್ತು. ಪಂಚಯ್ಯ ಎಲ್ಲಿಯೂ ಕಾಣಲಿಲ್ಲ.

ಗುರುಗಳು ಮುಂದುವರಿಸಿದರು:

ಹಳ್ಳದ ಮೇಲಿನ ತಿರುವಿನಲ್ಲಿ ಎಡಗಡೆಯ ಮುಂದಿನ ಟೈರು ಒಡೆಯಿತು. ಅಣ್ಣನಾಗಿದ್ದರೆ ಆ ಹೊತ್ತಿಗೆ ಅವನ ಕೈ ಬಲಕ್ಕೆ ಬಿಗಿದಿರುತ್ತಿತ್ತು. ತಮ್ಮನ ಕೈ ನೇರವಿದ್ದ ಸ್ಟಿಯರಿಂಗನ್ನು ನಂಬಿ ಸಡಿಲವಾಗಿತ್ತು. ಕಲ್ಲಿನ ಸಮೇತ ಗಾಡಿ ಹಳ್ಳಕ್ಕೆ ಬಿತ್ತು.

ವ್ಯಾಪಾರಿ ಜ್ವರದಲ್ಲಿಯೇ ಓಡಿಬಂದ. ಟ್ರಕ್ಕು ಮಗುಚಿ ಬಿದ್ದಿತ್ತು. ತಮ್ಮನನ್ನು ಹೊರಗೆ ತೆಗೆಯಲು ಜನ ಕಲ್ಲು ಎತ್ತಿಹಾಕುತ್ತಿದ್ದರು. ಅವಸರವೇನೂ ಉಳಿದಿರಲಿಲ್ಲ. ಚಕ್ರಗಳು ಆಕಾಶಕ್ಕೆ ಮುಖಮಾಡಿದ್ದವು. ಟೈರುಗಳ ಹೊರಮೈಯಲ್ಲಿ ಅಮಾವಾಸ್ಯೆಯ ವಿಭೂತಿ ಇನ್ನೂ ಇತ್ತು. ಒಳಅಂಚು ಪೂರ್ತಿ ಸವೆದು ನೂಲು ಬಿಟ್ಟಿತ್ತು. ಅದನ್ನು ಅವನು ನೋಡಿದ್ದು ಅದೇ ಮೊದಲು.

ಗುರುಗಳು ಕತೆ ಮುಗಿಸಿದರು.

ಚಿಟಿಕೆಯ ಮಾತನ್ನು ಪಂಚಯ್ಯನಿಗೆ ಹೇಳಿದ್ದೆನೇ ಎಂದು ಅಡವಯ್ಯ ನೆನೆಯಲು ನೋಡಿದ. ಬೇರಿನ ಹೆಸರುಗಳನ್ನು ಹೇಳಿದ್ದು ನೆನಪಿತ್ತು. ಬೀಗದ ಕೈ ಕೊಟ್ಟದ್ದು ನೆನಪಿತ್ತು. ಪಂಚಯ್ಯ ಖಾಲಿ ತಕ್ಕಡಿ ಎತ್ತಿಹಿಡಿದು, ಮುಳ್ಳು ನೋಡಿ, ‘ಸರಿಯಿದೆ’ ಎಂದದ್ದೂ ನೆನಪಿತ್ತು. ತಾನು ಹೌದೆಂದು ತಲೆಯಾಡಿಸಿ ಬಸ್ಸಿಗೆ ಓಡಿದ್ದ.

ಅವನು ಗುರುಗಳ ಪಾದಗಳ ಮೇಲಿನ ಮಣ್ಣನ್ನು ನೋಡಿದ. ಅದು ಹಿತ್ತಲಿನ ಮಣ್ಣಿನ ಬಣ್ಣದ್ದಾಗಿರಲಿಲ್ಲ.

“ಕೊನೆಗೆ ಆ ವ್ಯಾಪಾರಿ ತೆತ್ತದ್ದೇನು?” ಎಂದು ತಗ್ಗಿದ ದನಿಯಲ್ಲಿ ಕೇಳಿದ.

“ನಿನ್ನ ಹಾಗೆಯೇ, ಅವನೂ ಏನನ್ನೂ ತೆರಲಿಲ್ಲ,” ಎಂದರು ಗುರುಗಳು, “ನಾನು ಈಗಷ್ಟೇ ತಿರಕವ್ವನನ್ನು ಮಣ್ಣು ಮಾಡಿ ಬಂದೆ.”